ಉಬುಂಟು 22.04ರಿಂದ 24.04ಕ್ಕೆ ಏರುವಾಗ ನಡುವೆ ನಿಂತು ಕರ್ನಲ್ ಪ್ಯಾನಿಕ್: ಡೇಟಾ ಕಳೆಯದೆ ಸರಿಮಾಡೋದು ಹೇಗೆ?

ಹೊಸಚಿಗುರು

ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇತ್ತು. ಅಪ್‌ಡೇಟರ್ ತೋರಿಸಿದ 24.04ರ ಗುಂಡಿ ಒತ್ತಿದೆ. ಡೌನ್‌ಲೋಡ್ ಪೂರ್ತಿ ಆಯ್ತು, ಇನ್‌ಸ್ಟಾಲ್ ಮುಕ್ಕಾಲು ಪಾಲು ದಾಟಿದ ಮೇಲೆ "ಕುಡ್ ನಾಟ್ ಇನ್‌ಸ್ಟಾಲ್ ದಿ ಅಪ್‌ಗ್ರೇಡ್ಸ್" ಅಂತ ಕಿಟಕಿ ಬಂತು. ಸಿಸ್ಟಮ್ ಬಳಸಲಾಗದ ಸ್ಥಿತಿಯಲ್ಲಿರಬಹುದು ಅಂತಲೂ ಅದರಲ್ಲಿತ್ತು. ರೀಸ್ಟಾರ್ಟ್ ಮಾಡಿದೆ. ಈಗ ಕಪ್ಪು ಪರದೆ, ಬಿಳಿ ಸಾಲುಗಳು, ಕೊನೆಗೆ ಇದು:

ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)

256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ ಇಲ್ಲ, ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿಲ್ಲ. ಬೇರೆ ಕಂಪ್ಯೂಟರ್ ಇಲ್ಲ, ಆಂಡ್ರಾಯ್ಡ್ ಫೋನ್ ಒಂದೇ. ಟರ್ಮಿನಲ್ ಅಭ್ಯಾಸ ಅಷ್ಟಕ್ಕಷ್ಟೆ. ಫೈಲ್‌ಗಳು ಹೋದವಾ?

ರೂಟ್‌ರಾಯ

ಫೈಲ್‌ಗಳು ಎಲ್ಲೂ ಹೋಗಿಲ್ಲ. ಅಪ್‌ಗ್ರೇಡ್ ಮುಟ್ಟುವುದು ಸಿಸ್ಟಮ್ ಭಾಗವನ್ನು, ಹೋಮ್ ಫೋಲ್ಡರನ್ನಲ್ಲ.

ಆ ಸಾಲಿನಲ್ಲಿ ನೋಡಬೇಕಾದ್ದು ಕೊನೆಯ (0,0). ಡಿಸ್ಕ್ ಕೆಟ್ಟಿದೆ ಅಂತ ಅದು ಹೇಳುತ್ತಿಲ್ಲ. ಕರ್ನಲ್ (ಸಿಸ್ಟಮ್‌ನ ತಿರುಳು) ಏನೋ ಎದ್ದಿದೆ, ಆದರೆ ಡಿಸ್ಕನ್ನು ಹುಡುಕಿ ತೆರೆಯಲು ಬೇಕಾದ ಡ್ರೈವರ್‌ಗಳಿರುವ ಇನಿಟ್‌ಆರ್‌ಡಿ ಕಡತ ಅದರ ಜೊತೆಗಿಲ್ಲ. ಹೊಸ ಕರ್ನಲ್ ಇಳಿದಿದೆ, ಅದರ ಇನಿಟ್‌ಆರ್‌ಡಿ ತಯಾರಾಗುವ ಮೊದಲೇ ಕೆಲಸ ನಿಂತಿದೆ. ಹಳೆಯ ಕರ್ನಲ್ ಮತ್ತು ಅದರ ಇನಿಟ್‌ಆರ್‌ಡಿ ಇನ್ನೂ ಡಿಸ್ಕ್‌ನಲ್ಲೇ ಇರುತ್ತವೆ. ಅಪ್‌ಗ್ರೇಡರ್ ಹಳತನ್ನು ತೆಗೆಯುವುದು ಎಲ್ಲ ಮುಗಿದ ಮೇಲೆ, ಕೊನೆಯ ಹಂತದಲ್ಲಿ. ನೀವು ಆ ಹಂತಕ್ಕೆ ಹೋಗಿಯೇ ಇಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಆಫ್ ಮಾಡಿ, ಆನ್ ಮಾಡಿ, ಕಂಪನಿಯ ಲೋಗೊ ಕಂಡ ತಕ್ಷಣ ಎಸ್ಕೇಪ್ ಕೀಯನ್ನು ಒಂದೆರಡು ಸಲ ತಟ್ಟಿ. ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಒತ್ತಿಹಿಡಿಯಬೇಕು. ಗ್ರಬ್ ಪಟ್ಟಿ (ಯಾವುದನ್ನು ಬೂಟ್ ಮಾಡಲಿ ಎಂದು ಕೇಳುವ ಮೆನು) ಬಂದಾಗ ಎರಡನೇ ಸಾಲು "ಅಡ್ವಾನ್ಸ್ಡ್ ಆಪ್ಶನ್ಸ್ ಫಾರ್ ಉಬುಂಟು". ಅದರೊಳಗೆ ಯಾವ ಯಾವ ಕರ್ನಲ್ ಸಂಖ್ಯೆ ಇವೆ, ಇಲ್ಲಿ ಬರೆಯಿರಿ. ಬೇರೇನೂ ಮಾಡಬೇಡಿ.

ಡಬಲ್‌ಕ್ಲಿಕ್

ಇಷ್ಟೆಲ್ಲ ಯಾಕೆ? ಪೆನ್‌ಡ್ರೈವ್‌ನಿಂದ 24.04 ಹೊಸದಾಗಿ ಹಾಕಿದರೆ ಮುಕ್ಕಾಲು ಗಂಟೆಯ ಕೆಲಸ.

ಧಾರವಾಡ ಡೆಬ್

ಮುಕ್ಕಾಲು ತಾಸು ಬರೇ ಇನ್‌ಸ್ಟಾಲ್‌ಗೆ ರೀ. ಆಮ್ಯಾಲ ಬ್ರೌಸರ್ ಪಾಸ್‌ವರ್ಡು, ಪ್ರಿಂಟರು, ಟ್ಯಾಲಿ ಹಚ್ಚಿದ್ದ ವೈನು (ವಿಂಡೋಸ್ ಆ್ಯಪ್ ಓಡಸೂದು), ಕನ್ನಡ ಕೀಬೋರ್ಡು ಎಲ್ಲಾ ಮತ್ತ ಕೂಡಿಸೂದು ಯಾರು? ಹೊಸಬರು ಇನ್‌ಸ್ಟಾಲರ್‌ನಾಗ "ಇರೇಸ್ ಡಿಸ್ಕ್" ಅನ್ನೂದರ ಮ್ಯಾಲೆ ಕೈ ಇಟ್ರ ಹೋಮೂ ಹೋತು. ಬ್ಯಾಕಪ್ ಇಲ್ದಾಗ ಫಾರ್ಮ್ಯಾಟ್ ಮಾತು ತಗೀಬ್ಯಾಡ್ರಿ.

ಇನ್ನೊಂದು ಮಾತು. ಉಬುಂಟುದಾಗ ಹಿಂದಕ್ಕ ಹೋಗೂ ದಾರಿ ಇಲ್ಲ. 24.04ರ ಅರ್ಧ ಪೊಟ್ಟಣ (ಪ್ಯಾಕೇಜು) ಕುಂತಾವ, 22.04ಕ್ಕ ಇಳಸ್ತೀನಿ ಅಂತ ಹೊಂಟ್ರ ಎರಡೂ ಕಡೆ ಸಲ್ಲಂಗಿಲ್ಲ. ಮುಂದಕ್ಕ ಮುಗಸೂದೊಂದ ದಾರಿ. ಇಳಿದ ಡೆಬ್ ಕಡತ (ಪೊಟ್ಟಣದ ಫೈಲು) ಎಲ್ಲಾ /ವರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಒಳಗ ಅದಾವ. ಅದಕ್ಕ ರಿಕವರಿ ಮೆನುದಾಗ "ಕ್ಲೀನ್" ಅಂತ ಕಂಡ್ರ ಈಗ ಮುಟ್ಟಬ್ಯಾಡ್ರಿ. ಜಾಗ ಉಳಸೂ ಆಸೆಗೆ ಕ್ಯಾಶ್ ತಗದ್ರ ಎರಡು ಮೂರು ಜಿಬಿ ಮತ್ತ ಇಳಸಬೇಕಾಕ್ಕೈತಿ.

ಹೊಸಚಿಗುರು

ಎಸ್ಕೇಪ್ ತಟ್ಟಿದೆ. ಪಟ್ಟಿ ಬರಲಿಲ್ಲ. "ಗ್ರಬ್>" ಅಂತ ಬಂದು ಕರ್ಸರ್ ಮಿನುಗುತ್ತಾ ನಿಂತಿದೆ.

ಮಲೆನಾಡ ಪೆಂಗ್ವಿನ್

ಒಂದು ತಟ್ಟು ಜಾಸ್ತಿಯಾಗಿದೆ, ಅಷ್ಟೆ. ಮೊದಲ ಎಸ್ಕೇಪ್ ಪಟ್ಟಿ ತರುತ್ತದೆ, ಎರಡನೆಯದು ಪಟ್ಟಿಯಿಂದ ಹೊರಗೆ ಈ ಆಜ್ಞಾ ಸಾಲಿಗೆ ತಳ್ಳುತ್ತದೆ. ಅಲ್ಲೇ "ನಾರ್ಮಲ್" ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಒತ್ತಿದ ಮರುಗಳಿಗೆಯೇ ಎಸ್ಕೇಪ್ ಒಂದೇ ಒಂದು ಸಲ. ತಪ್ಪಿದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಮೊದಲಿನಿಂದ.

ಹೊಸಚಿಗುರು

ಬಂತು. ಒಳಗೆ ನಾಲ್ಕು ಸಾಲು: 6.8 ಒಂದು, ಅದರದೇ ರಿಕವರಿ ಮೋಡ್ ಒಂದು, 5.15 ಒಂದು, ಅದರ ರಿಕವರಿ ಮೋಡ್ ಒಂದು.

ರೂಟ್‌ರಾಯ

5.15ರ ರಿಕವರಿ ಮೋಡ್ ಆರಿಸಿ. 6.8ರದ್ದು ಬೇಡ, ಇನಿಟ್‌ಆರ್‌ಡಿ ಇಲ್ಲದ್ದರಿಂದ ಅದೂ ಅದೇ ಪ್ಯಾನಿಕ್ ಕೊಡುತ್ತದೆ. ಸಾಲುಗಳು ಓಡಿದ ಮೇಲೆ ನೀಲಿ ಅಥವಾ ನೇರಳೆ ಪೆಟ್ಟಿಗೆಯಲ್ಲಿ ಪುಟ್ಟ ಮೆನು ಬರುತ್ತದೆ: ರೆಸ್ಯೂಮ್, ಕ್ಲೀನ್, ಡಿಪಿಕೆಜಿ, ಎಫ್‌ಎಸ್‌ಸಿಕೆ, ಗ್ರಬ್, ನೆಟ್‌ವರ್ಕ್, ರೂಟ್ ಇತ್ಯಾದಿ.

ಮೊದಲು ಇಂಟರ್ನೆಟ್ ವ್ಯವಸ್ಥೆ. ಈ ಮೋಡ್‌ನಲ್ಲಿ ವೈಫೈ ಎಬ್ಬಿಸುವುದು ತಲೆನೋವು. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಚುಚ್ಚಿ, ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ "ಯುಎಸ್‌ಬಿ ಟೆದರಿಂಗ್" ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನು ತಂತಿಯ ನೆಟ್‌ವರ್ಕ್ ಅಂತಲೇ ತಿಳಿಯುತ್ತದೆ. ಆಮೇಲೆ ಮೆನುವಿನಲ್ಲಿ ನೆಟ್‌ವರ್ಕ್ ಆರಿಸಿ, "ಎಸ್" ಅನ್ನಿ. ಇದರಿಂದ ಇನ್ನೊಂದು ಲಾಭ: ಅಲ್ಲಿಯವರೆಗೆ ಓದಲು ಮಾತ್ರ ತೆರೆದಿದ್ದ ಡಿಸ್ಕ್ ಬರೆಯಲೂ ತೆರೆದುಕೊಳ್ಳುತ್ತದೆ. ನಂತರ ರೂಟ್ ಆರಿಸಿ, ಎಂಟರ್. ಕೊನೆಯಲ್ಲಿ # ಗುರುತಿರುವ, ಆಜ್ಞೆ ಒತ್ತುವ ಸಾಲು ಸಿಗುತ್ತದೆ.

ಮೆನುವಿನ ಡಿಪಿಕೆಜಿ ಸಾಲೂ ದುರಸ್ತಿಗೇ ಇರುವುದು. ಆದರೂ ಆಜ್ಞೆಗಳನ್ನು ಕೈಯಲ್ಲೇ ಒತ್ತುವುದು ಒಳ್ಳೆಯದು, ಯಾವ ಪೊಟ್ಟಣ ದಾರಿಗೆ ಅಡ್ಡ ಮಲಗಿದೆ ಎಂದು ಕಣ್ಣಾರೆ ಕಾಣುತ್ತದೆ.

ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆಯುತ್ತಿದ್ದೇವೆ, ಹೇಗೂ ಫೋನ್ ನೋಡಿಕೊಂಡು ಆ ಯಂತ್ರದಲ್ಲಿ ಕೈಯಿಂದಲೇ ಒತ್ತಬೇಕಲ್ಲ. ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇವೆ. ಅಡ್ಡಗೆರೆ ಎಷ್ಟಿವೆಯೋ ಅಷ್ಟೇ, ಜಾಗ ಬಿಟ್ಟಲ್ಲಿ ಜಾಗ.

ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /

ಇದು ಡಿಸ್ಕ್ ಬರೆಯಲು ತೆರೆದಿದೆ ಎಂಬ ಖಾತ್ರಿಗೆ. ಆಮೇಲೆ:

ಗ್ರೆಪ್ -ಆರ್ ನೋಬಲ್ /ಇಟಿಸಿ/ಆಪ್ಟ್/

22.04ರ ಅಡ್ಡಹೆಸರು ಜ್ಯಾಮಿ, 24.04ರದ್ದು ನೋಬಲ್. ಉತ್ತರದಲ್ಲಿ ನೋಬಲ್ ಇರುವ ಸಾಲುಗಳು ಬರಬೇಕು. ಬರದಿದ್ದರೆ ಅಲ್ಲೇ ನಿಲ್ಲಿಸಿ ಹೇಳಿ. ಪೊಟ್ಟಣ ನೋಬಲ್‌ದು, ಮೂಲಪಟ್ಟಿ (ಪೊಟ್ಟಣ ಎಲ್ಲಿಂದ ತರಬೇಕೆಂಬ ಪಟ್ಟಿ) ಜ್ಯಾಮಿದು ಆಗಿರುವಾಗ ದುರಸ್ತಿ ಆಜ್ಞೆ ಕೊಟ್ಟರೆ ಗಂಟು ಇನ್ನೂ ಬಿಗಿಯಾಗುತ್ತದೆ. "ಎಲ್‌ಎಸ್‌ಬಿ ರಿಲೀಸ್" 24.04 ಅಂತ ತೋರಿಸಿದರೆ ನಂಬಬೇಡಿ. ಆ ಸಂಖ್ಯೆ ಇರುವುದು ಬೇಸ್-ಫೈಲ್ಸ್ ಎಂಬ ಒಂದು ಪೊಟ್ಟಣದಲ್ಲಿ, ಅದೊಂದು ಬದಲಾದರೆ ಸಾಕು ಸಂಖ್ಯೆ ಬದಲಾಗುತ್ತದೆ.

ನೋಬಲ್ ಕಂಡರೆ:

ಡಿಪಿಕೆಜಿ --ಕಾನ್ಫಿಗರ್ -ಎ

ಉಡುಪಿ ಯುನಿಕೋಡ್

ಒಂದು ಅಡ್ಡಮಾತು. ಭಾಷೆಯನ್ನು ಕನ್ನಡಕ್ಕೆ ಇಟ್ಟಿದ್ದರೆ ಈ ಕಪ್ಪು ಪರದೆಯಲ್ಲಿ ಕನ್ನಡ ಹೆಸರಿನ ಫೋಲ್ಡರ್‌ಗಳು, ಕೆಲ ಸಂದೇಶಗಳು ಚೌಕ ಚೌಕವಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಲಿನಕ್ಸ್‌ನ ಬರೀ ಕನ್ಸೋಲ್‌ನ ಅಕ್ಷರಕೋಶದಲ್ಲಿ ಹೆಚ್ಚೆಂದರೆ 512 ಚಿತ್ರಗಳಿಗೆ ಜಾಗ, ಒತ್ತಕ್ಷರ ಜೋಡಿಸುವ ವಿದ್ಯೆ ಅದಕ್ಕಿಲ್ಲ. ದೋಷ ಸಂದೇಶ ಇಂಗ್ಲಿಷ್‌ನಲ್ಲಿ ಬರಲಿ ಎಂದಾದರೆ ಮೊದಲೇ ಇದನ್ನು ಒತ್ತಿ:

ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ

ಇದರಲ್ಲಿ ಎಲ್‌ಸಿ_ಆಲ್ ಮತ್ತು ಕೊನೆಯ ಸಿ ದೊಡ್ಡಕ್ಷರ. ಹುಡುಕಾಟಕ್ಕೆ ಇಂಗ್ಲಿಷ್ ಸಂದೇಶವೇ ವಾಸಿ.

ಹೊಸಚಿಗುರು

ನೋಬಲ್ ಸಾಲುಗಳು ಬಂದವು. ಕಾನ್ಫಿಗರ್ ಆಜ್ಞೆ ಹತ್ತು ನಿಮಿಷ ಓಡಿತು, "ಸೆಟ್ಟಿಂಗ್ ಅಪ್" ಅಂತ ನೂರಾರು ಸಾಲು. ಕೊನೆಗೆ ನಿಂತದ್ದು ಇಲ್ಲಿ, ಫೋಟೊ ನೋಡಿ ಬರೆದಿದ್ದೇನೆ:

ಎರರ್! ಬ್ಯಾಡ್ ರಿಟರ್ನ್ ಸ್ಟೇಟಸ್ ಫಾರ್ ಮಾಡ್ಯೂಲ್ ಬಿಲ್ಡ್ ಆನ್ ಕರ್ನಲ್: 6.8.0 ...
ರನ್-ಪಾರ್ಟ್ಸ್: /ಇಟಿಸಿ/ಕರ್ನಲ್/ಪೋಸ್ಟ್‌ಇನ್ಸ್ಟ್.ಡಿ/ಡಿಕೆಎಂಎಸ್ ಎಕ್ಸಿಟೆಡ್ ವಿತ್ ರಿಟರ್ನ್ ಕೋಡ್ 11
ಡಿಪಿಕೆಜಿ: ಎರರ್ ಪ್ರೊಸೆಸಿಂಗ್ ಪ್ಯಾಕೇಜ್ ಲಿನಕ್ಸ್-ಇಮೇಜ್-6.8.0 ...

ಮಾಡ್ಯೂಲ್ ಹೆಸರಿನಲ್ಲಿ 8821ಸಿಇ ಅಂತಿದೆ.

ರೂಟ್‌ರಾಯ

ಸಿಕ್ಕಿತು. ಈ ಮೂರು ಸಾಲಿನಲ್ಲೇ ನಿಮ್ಮ ಪ್ಯಾನಿಕ್‌ನ ಪೂರ್ತಿ ಜಾತಕ ಇದೆ.

8821ಸಿಇ ಎಂಬುದು ವೈಫೈ ಚಿಪ್. ಯಾವಾಗಲೋ ವೈಫೈ ಬರಲಿಲ್ಲ ಎಂದು ಅದರ ಡ್ರೈವರನ್ನು ಹೊರಗಿನಿಂದ ತಂದು ಡಿಕೆಎಂಎಸ್ ಮೂಲಕ ಹಾಕಲಾಗಿದೆ. ಡಿಕೆಎಂಎಸ್ ಪ್ರತಿ ಹೊಸ ಕರ್ನಲ್ ಬಂದಾಗಲೂ ಆ ಡ್ರೈವರ್‌ನ ಮೂಲಸಂಕೇತವನ್ನು ಮತ್ತೆ ಕಂಪೈಲ್ ಮಾಡುತ್ತದೆ. 5.15ಕ್ಕೆ ಹೊಂದುತ್ತಿದ್ದ ಹಳೆಯ ಸಂಕೇತ 6.8ಕ್ಕೆ ಹೊಂದಲಿಲ್ಲ, ಕರ್ನಲ್ ಒಳಗಿನ ಫಂಕ್ಷನ್‌ಗಳು ಬದಲಾಗಿರುತ್ತವೆ. ಕಂಪೈಲ್ ಸೋತಿತು.

ಒಂದು ವೈಫೈ ಡ್ರೈವರ್ ಸೋತರೆ ಇಡೀ ಯಂತ್ರ ಯಾಕೆ ಏಳಲಿಲ್ಲ? ಕರ್ನಲ್ ಪೊಟ್ಟಣ ಇಳಿದ ಮೇಲೆ /ಇಟಿಸಿ/ಕರ್ನಲ್/ಪೋಸ್ಟ್‌ಇನ್ಸ್ಟ್.ಡಿ ಫೋಲ್ಡರಿನಲ್ಲಿರುವ ಪುಟ್ಟ ಸ್ಕ್ರಿಪ್ಟ್‌ಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಓಡುತ್ತವೆ. ಅಲ್ಲಿ ಡಿಕೆಎಂಎಸ್ ಮುಂದೆ, ಇನಿಟ್‌ಆರ್‌ಡಿ ತಯಾರಿಸುವ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಅದರ ಹಿಂದೆ, ಗ್ರಬ್ ಪಟ್ಟಿ ಬರೆಯುವುದು ಎಲ್ಲಕ್ಕಿಂತ ಕೊನೆ. ಒಂದು ಸೋತರೆ ಉಳಿದವನ್ನು ಓಡಿಸಬೇಡ ಎಂದೇ ನಿಯಮ. ಡಿಕೆಎಂಎಸ್ ಸೋತಿತು, ಇನಿಟ್‌ಆರ್‌ಡಿಯ ಸರದಿಯೇ ಬರಲಿಲ್ಲ. ಅಷ್ಟರಲ್ಲಿ ಬೇರೆ ಯಾವುದೋ ಪೊಟ್ಟಣ ಗ್ರಬ್ ಪಟ್ಟಿಯನ್ನು ಹೊಸದಾಗಿ ಬರೆಸಿತು, 6.8 ಮೇಲಿನ ಸಾಲಿಗೆ ಬಂದು ಕೂತಿತು. ರೀಸ್ಟಾರ್ಟ್ ಆದಾಗ ಎದ್ದದ್ದು ಅದೇ.

ಈಗ ತಮಾಷೆಯ ವಿಷಯ: ಈ ಚಿಪ್‌ಗೆ ಕರ್ನಲ್‌ನಲ್ಲೇ ಆರ್‌ಟಿಡಬ್ಲ್ಯು88 ಎಂಬ ಡ್ರೈವರ್ ಇದೆ. ಹೊರಗಿನದು ಬೇಕಾಗಿಯೇ ಇಲ್ಲ. ತೆಗೆದುಹಾಕಿ.

ಡಿಕೆಎಂಎಸ್ ಸ್ಟೇಟಸ್

ಇದು "ಹೆಸರು/ಆವೃತ್ತಿ, ಕರ್ನಲ್ ಸಂಖ್ಯೆ: ಇನ್‌ಸ್ಟಾಲ್ಡ್" ಎಂಬ ಮಾದರಿಯ ಸಾಲು ಕೊಡುತ್ತದೆ. ಅಲ್ಪವಿರಾಮಕ್ಕೆ ಮೊದಲು ಇರುವ ಹೆಸರು/ಆವೃತ್ತಿ ಭಾಗವನ್ನು ಹಾಗ್ಹಾಗೇ ಇಲ್ಲಿ ತುಂಬಿ:

ಡಿಕೆಎಂಎಸ್ ರಿಮೂವ್ ಹೆಸರು/ಆವೃತ್ತಿ --ಆಲ್

ಡ್ರೈವರ್ ಡೆಬ್ ಪೊಟ್ಟಣವಾಗಿ ಬಂದಿದ್ದರೆ ಇಷ್ಟು ಸಾಲದು, ಮುಂದಿನ ಕರ್ನಲ್ ಬಂದಾಗ ಅದು ಮತ್ತೆ ಮೇಲೇಳುತ್ತದೆ. "ಡಿಪಿಕೆಜಿ -ಎಲ್" ಎಂದು ಒತ್ತಿ, ಹೆಸರಿನ ಕೊನೆಯಲ್ಲಿ -ಡಿಕೆಎಂಎಸ್ ಇರುವುದನ್ನು ಹುಡುಕಿ, "ಆಪ್ಟ್ ಪರ್ಜ್" ಜೊತೆ ಆ ಹೆಸರು ಕೊಡಿ (ಆಪ್ಟ್ ಎಂದರೆ ಪೊಟ್ಟಣ ತರುವ, ತೆಗೆಯುವ ಆಜ್ಞೆ). ಆಪ್ಟ್ ಈ ಹಂತದಲ್ಲಿ ಗೊಣಗಿದರೆ "ಡಿಪಿಕೆಜಿ --ಪರ್ಜ್" ಬಳಸಿ. ಆಮೇಲೆ ಸಾಲಾಗಿ, ಒಂದು ತಪ್ಪಿಲ್ಲದೆ ಮುಗಿದ ಮೇಲೆ ಇನ್ನೊಂದು:

ಡಿಪಿಕೆಜಿ --ಕಾನ್ಫಿಗರ್ -ಎ
ಆಪ್ಟ್ ಅಪ್‌ಡೇಟ್
ಆಪ್ಟ್ -ಎಫ್ ಇನ್‌ಸ್ಟಾಲ್
ಆಪ್ಟ್ ಫುಲ್-ಅಪ್‌ಗ್ರೇಡ್

ಕೊನೆಯ ಎರಡೂ ಮುಂದುವರಿಯಲೇ ಎಂದು ಕೇಳುತ್ತವೆ. ವೈ ಒತ್ತುವ ಮೊದಲು "ವಿಲ್ ಬಿ ರಿಮೂವ್ಡ್" ಪಟ್ಟಿ ಓದಿ. ಹಳೆಯ ಲೈಬ್ರರಿ ಹೆಸರುಗಳು ಇದ್ದರೆ ಸರಿ. ಉಬುಂಟು-ಡೆಸ್ಕ್‌ಟಾಪ್, ಗ್ನೋಮ್-ಶೆಲ್, ನೆಟ್‌ವರ್ಕ್-ಮ್ಯಾನೇಜರ್ ಇದ್ದರೆ ಎನ್ ಒತ್ತಿ ಇಲ್ಲಿಗೆ ಬನ್ನಿ. "ಆಟೊರಿಮೂವ್" ಮಾಡಿ ಎಂದು ಆಪ್ಟ್ ತಾನೇ ಸಲಹೆ ಕೊಡುತ್ತಿರುತ್ತದೆ. ಈಗ ಕಿವಿಗೆ ಹಾಕಿಕೊಳ್ಳಬೇಡಿ, ನಿಮ್ಮನ್ನು ಎಬ್ಬಿಸಿದ 5.15 ಕರ್ನಲ್ ಆ ಪಟ್ಟಿಯಲ್ಲಿದ್ದರೂ ಇರಬಹುದು.

ಧಾರವಾಡ ಡೆಬ್

ನಡುವ ಒಂದು ಪ್ರಶ್ನೆ ಬರ್ತೈತಿ, ಹೊಸಬರು ಅಲ್ಲೇ ಬೆದರ್ತಾರ: "ಕಾನ್ಫಿಗರೇಶನ್ ಫೈಲ್" ಬದಲಾಗೈತಿ, ನಿಂದ ಇಡಲೋ ನಮ್ದ ಹಾಕಲೋ ಅಂತ. ವೈ ಅಂದ್ರ ಪೊಟ್ಟಣದ ಹೊಸಾದು, ಎನ್ ಅಂದ್ರ ನಿಮ್ಮ ಹಳೇದು, ಡಿ ಅಂದ್ರ ಎರಡರ ನಡುವಿನ ಫರಕು ತೋರಸ್ತೈತಿ. ನೀವು ಕೈಯಾರೆ ಎಂದೂ ತಿದ್ದಿಲ್ಲಂದ್ರ ವೈ. ತಿದ್ದಿದ್ದು ನೆನಪೈತಿ ಅಂದ್ರ ಎನ್. ಸುಮ್ಮನ ಎಂಟರ್ ಒತ್ತಿದ್ರ ಎನ್ ಆಕ್ಕೈತಿ.

ಹೊಸಚಿಗುರು

ಡಿಕೆಎಂಎಸ್ ತೆಗೆದೆ, ಕಾನ್ಫಿಗರ್ ಮುಂದೆ ಹೋಯ್ತು. ಆದರೆ ಫುಲ್-ಅಪ್‌ಗ್ರೇಡ್ ನಡುವೆ ನಿಂತಿದೆ: "ಅನೇಬಲ್ ಟು ಕಾಂಟ್ಯಾಕ್ಟ್ ದಿ ಸ್ಟೋರ್, ಟ್ರೈಯಿಂಗ್ ಎವೆರಿ ಮಿನಿಟ್ ಫಾರ್ ದಿ ನೆಕ್ಸ್ಟ್ 30 ಮಿನಿಟ್ಸ್". ಪವರ್ ಬಟನ್ ಒತ್ತಲಾ?

ಮಲೆನಾಡ ಪೆಂಗ್ವಿನ್

ಒತ್ತಬೇಡಿ! ಅದು ಕಾಯುತ್ತಿದೆ, ಸತ್ತಿಲ್ಲ. ಫೈರ್‌ಫಾಕ್ಸ್, ಥಂಡರ್‌ಬರ್ಡ್ ಎರಡೂ 24.04ರಲ್ಲಿ ಸ್ನ್ಯಾಪ್ (ಉಬುಂಟುವಿನ ಇನ್ನೊಂದು ಬಗೆಯ ಪೊಟ್ಟಣ) ರೂಪದಲ್ಲಿ ಬರುತ್ತವೆ. ಡೆಬ್ ಹೆಸರಿನ ಪೊಟ್ಟಣ ಬರೀ ಚೀಟಿ, ಅದು ಸ್ನ್ಯಾಪ್ ಸ್ಟೋರ್‌ಗೆ ಹೋಗಿ ನಿಜವಾದ ಸರಕು ತರಬೇಕು. ರಿಕವರಿ ಮೋಡ್‌ನಲ್ಲಿ ಸ್ನ್ಯಾಪ್ ಸೇವೆ ಸರಿಯಾಗಿ ಎದ್ದಿರುವುದಿಲ್ಲ, ಅದಕ್ಕೇ ಬಾಗಿಲು ಬಡಿಯುತ್ತಾ ನಿಂತಿದೆ. ಅರ್ಧ ಗಂಟೆ ಬಿಟ್ಟುಬಿಡಿ. ಚಾರ್ಜರ್ ಚುಚ್ಚಿದೆಯೇ ನೋಡಿ, ಫೋನಿನ ಟೆದರಿಂಗ್ ತಾನಾಗಿ ಆಫ್ ಆಗಿದೆಯೇ ನೋಡಿ. ಅವಧಿ ಮುಗಿದು ಆ ಒಂದು ಪೊಟ್ಟಣ ಸೋತರೂ ಚಿಂತೆಯಿಲ್ಲ, ಡೆಸ್ಕ್‌ಟಾಪ್ ಎದ್ದ ಮೇಲೆ ಮತ್ತೊಮ್ಮೆ ಫುಲ್-ಅಪ್‌ಗ್ರೇಡ್ ಆಜ್ಞೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ಆಗುತ್ತದೆ.

ಸರ್ಕ್ಯೂಟ್ ಸೀತಾಳೆ

ಇದೇ ದಾರಿಯಲ್ಲಿ ಇನ್ನೊಂದು ಕೇಸ್. ಡೆಸ್ಕ್‌ಟಾಪ್, ಯುಪಿಎಸ್ ಇಲ್ಲ, ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಿದೆ. ಗ್ರಬ್ ಬರುತ್ತದೆ, ಆದರೆ ಹಳೆಯ ಕರ್ನಲ್ ಕೂಡ ರಿಕವರಿಗೆ ಹೋಗದೆ "ಇನಿಟ್‌ರಾಮ್‌ಎಫ್‌ಎಸ್" ಎಂಬ ಸಾಲಿನಲ್ಲಿ ನಿಲ್ಲುತ್ತದೆ. ಇದಕ್ಕೆ?

ರೂಟ್‌ರಾಯ

ಆ ಸಾಲಿನ ಸ್ವಲ್ಪ ಮೇಲೆ "ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ" ಎಂದು ಇದೆಯೇ ನೋಡಿ. ಇದ್ದರೆ ಬರೆಯುತ್ತಿದ್ದಾಗ ಕರೆಂಟ್ ಹೋಗಿ ಕಡತವ್ಯವಸ್ಥೆಯ ಲೆಕ್ಕ ತಪ್ಪಿದೆ. ಅದೇ ಸಂದೇಶದಲ್ಲಿ ಪಾರ್ಟಿಶನ್ (ಡಿಸ್ಕ್‌ನ ಭಾಗ) ಹೆಸರೂ ಇರುತ್ತದೆ. ಆ ಹೆಸರು ಕೊಟ್ಟು ಎಫ್‌ಎಸ್‌ಸಿಕೆ (ಕಡತವ್ಯವಸ್ಥೆಯ ತಪಾಸಣೆ) ಓಡಿಸಿ, ಉದಾಹರಣೆಗೆ:

ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2

ಮುಗಿದ ಮೇಲೆ "ಎಕ್ಸಿಟ್". ಬಹಳ ಸಲ ಇಷ್ಟಕ್ಕೇ ಎದ್ದುಬಿಡುತ್ತದೆ, ಆಮೇಲೆ ಮೇಲಿನ ದಾರಿಯೇ. ಏಳದಿದ್ದರೆ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ಉಬುಂಟು ಓಡಿಸುವುದು) ಬೇಕು, ಅಲ್ಲಿಂದ ಒಳಹೊಕ್ಕು ದುರಸ್ತಿ ಮಾಡಬೇಕು.

24.04ರ ಡೆಸ್ಕ್‌ಟಾಪ್ ಐಎಸ್‌ಒ ಸುಮಾರು 6 ಜಿಬಿ, 8 ಜಿಬಿ ಪೆನ್‌ಡ್ರೈವ್ ಸಾಕು. ಬೇರೆ ಕಂಪ್ಯೂಟರ್ ಇದ್ದರೆ ರೂಫಸ್ ಅಥವಾ ಬಲೀನಾ ಎಚರ್ ಬಳಸಿ ಅದಕ್ಕೆ ಬರೆಯಿರಿ. ಫೋನ್ ಮಾತ್ರ ಇದ್ದರೆ ಎಚ್‌ಡ್ರಾಯ್ಡ್ ಎಂಬ ಆಂಡ್ರಾಯ್ಡ್ ಆ್ಯಪ್, ಜೊತೆಗೆ ಒಟಿಜಿ ಕೊಂಡಿ. ಫೋನನ್ನು ರೂಟ್ ಮಾಡಬೇಕಿಲ್ಲ. ಐಎಸ್‌ಒ ಕಡತವನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ, ಬರೆಯಲೇಬೇಕು. ಬರೆದಾಗ ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಯುತ್ತದೆ ಎಂಬುದೂ ನೆನಪಿರಲಿ.

ಬೂಟ್ ಮಾಡಿ "ಟ್ರೈ ಉಬುಂಟು" ಆರಿಸಿ, ಇನ್‌ಸ್ಟಾಲ್ ಅಲ್ಲ. ಟರ್ಮಿನಲ್ ತೆರೆದು "ಎಲ್‌ಎಸ್‌ಬಿಎಲ್‌ಕೆ -ಎಫ್" ಒತ್ತಿ. ಇಎಕ್ಸ್‌ಟಿ4 ಎಂದು ಕಾಣುವ ದೊಡ್ಡದು ನಿಮ್ಮ ಸಿಸ್ಟಮ್, ವಿಫ್ಯಾಟ್ ಎಂದು ಕಾಣುವ ಪುಟ್ಟದು ಇಎಫ್‌ಐ. ಕೆಳಗೆ ಅವನ್ನು ಎಸ್‌ಡಿಎ2, ಎಸ್‌ಡಿಎ1 ಎಂದಿಟ್ಟುಕೊಂಡಿದ್ದೇನೆ. ಎನ್‌ವಿಎಂಇ ಡಿಸ್ಕ್ ಆದರೆ ಹೆಸರು ಎನ್‌ವಿಎಂಇ0ಎನ್1ಪಿ2 ಎಂಬ ಥರ ಇರುತ್ತದೆ. ಮೌಂಟ್ ಮಾಡುವ (ತೆರೆದು ಜೋಡಿಸುವ) ಮುಂಚೆ ಎಫ್‌ಎಸ್‌ಸಿಕೆ. ಮೌಂಟ್ ಆಗಿರುವ ಪಾರ್ಟಿಶನ್ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಇದ್ದ ಲೆಕ್ಕವೂ ಕೆಡುತ್ತದೆ. (ಸುಡೊ ಎಂದರೆ ನಿರ್ವಾಹಕನ ಅಧಿಕಾರದಲ್ಲಿ ಓಡಿಸು ಎಂದು.)

ಸುಡೊ ಎಫ್‌ಎಸ್‌ಸಿಕೆ -ಎಫ್ /ಡೆವ್/ಎಸ್‌ಡಿಎ2
ಸುಡೊ ಮೌಂಟ್ /ಡೆವ್/ಎಸ್‌ಡಿಎ2 /ಎಂಎನ್‌ಟಿ

ಇಲ್ಲಿ ನಿಲ್ಲಿ. ಮುಂದೆ ಹೋಗುವ ಮೊದಲು ಹೋಮ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ಇಳಿಸಿಕೊಳ್ಳಿ. ಫೈಲ್ ಮ್ಯಾನೇಜರ್‌ನಲ್ಲಿ ತೆರೆದರೆ ಅನುಮತಿ ಇಲ್ಲ ಎನ್ನಬಹುದು, ಈಚಿನ ಉಬುಂಟುಗಳಲ್ಲಿ ಹೋಮ್ ಫೋಲ್ಡರ್ ಬೇರೆ ಬಳಕೆದಾರರಿಗೆ ಮುಚ್ಚಿರುತ್ತದೆ. "ಸುಡೊ ಸಿಪಿ -ಎ" ಬಳಸಿದರೆ ಕಾಪಿ ಆಗುತ್ತದೆ. ಅಡಗಿದ ಫೋಲ್ಡರ್‌ಗಳನ್ನು ಮರೆಯಬೇಡಿ. ಫೈರ್‌ಫಾಕ್ಸ್ ಪಾಸ್‌ವರ್ಡ್, ಬುಕ್‌ಮಾರ್ಕ್ ಇರುವುದು ಹೋಮ್ ಒಳಗಿನ ಸ್ನ್ಯಾಪ್/ಫೈರ್‌ಫಾಕ್ಸ್/ಕಾಮನ್/.ಮೊಜಿಲಾ ಜಾಗದಲ್ಲಿ. ಎಷ್ಟೋ ಜನ "ಸ್ನ್ಯಾಪ್ ಬರೀ ಆ್ಯಪ್‌ಗಳದ್ದು" ಎಂದು ಆ ಫೋಲ್ಡರ್ ಬಿಟ್ಟು ಉಳಿದದ್ದೆಲ್ಲ ಹೊತ್ತೊಯ್ಯುತ್ತಾರೆ. ಗುರಿ ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಒಂದೇ ಕಡತ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಇರಲಿ.

ಆಮೇಲೆ ಒಳಹೊಗುವುದು:

ಸುಡೊ ಮೌಂಟ್ /ಡೆವ್/ಎಸ್‌ಡಿಎ1 /ಎಂಎನ್‌ಟಿ/ಬೂಟ್/ಇಎಫ್‌ಐ
ಸುಡೊ ಮೌಂಟ್ --ಆರ್‌ಬೈಂಡ್ /ಡೆವ್ /ಎಂಎನ್‌ಟಿ/ಡೆವ್

ಎರಡನೇ ಸಾಲನ್ನೇ /ಪ್ರಾಕ್, /ಸಿಸ್, /ರನ್ ಮೂರಕ್ಕೂ ಒಂದೊಂದು ಸಲ. /ರನ್ ಬಿಟ್ಟರೆ ಒಳಗೆ ಇಂಟರ್ನೆಟ್ ಇದ್ದೂ ಸರ್ವರ್ ಹೆಸರಿಗೆ ವಿಳಾಸ ಸಿಗುವುದಿಲ್ಲ, ಯಾಕೆಂದರೆ ಡಿಎನ್‌ಎಸ್ ವಿಳಾಸ ಬರೆದಿಟ್ಟ ಕಡತ /ರನ್ ಕಡೆಗೇ ಬೆರಳು ತೋರುವ ಕೊಂಡಿ. ನಂತರ:

ಸುಡೊ ಸಿಎಚ್‌ರೂಟ್ /ಎಂಎನ್‌ಟಿ

ಇನ್ನು ನೀವು ನಿಮ್ಮ ಸಿಸ್ಟಮ್ ಒಳಗೇ ಇದ್ದೀರಿ. ಮೇಲೆ ಹೇಳಿದ ನಾಲ್ಕು ಆಜ್ಞೆಗಳು, ಅದೇ ಕ್ರಮ. ಕೊನೆಯಲ್ಲಿ ಇನಿಟ್‌ಆರ್‌ಡಿ ಇದೆಯೇ ನೋಡಿ:

ಎಲ್‌ಎಸ್ -ಎಲ್‌ಎಚ್ /ಬೂಟ್

ವಿಎಂಲಿನುಝ್ (ಕರ್ನಲ್ ಕಡತ) ಎಷ್ಟಿವೆಯೋ ಅಷ್ಟೇ ಇನಿಟ್‌ಆರ್‌ಡಿ ಇರಬೇಕು, ಸಂಖ್ಯೆಗೆ ಸಂಖ್ಯೆ ಜೋಡಿಯಾಗಿ. ಒಂದು ಕಡಿಮೆಯಿದ್ದರೆ ಆ ಕರ್ನಲ್‌ನ ಪೂರ್ತಿ ಸಂಖ್ಯೆ ಕೊಟ್ಟು:

ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ ಸಂಖ್ಯೆ
ಅಪ್‌ಡೇಟ್-ಗ್ರಬ್

ಹಲವು ಕಡೆ "-ಯು -ಕೆ ಆಲ್" ಎಂದು ಬರೆದಿರುತ್ತಾರೆ. -ಯು ಇರುವುದನ್ನು ಹೊಸದು ಮಾಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಹುಟ್ಟಿಸುವುದು -ಸಿ.

ಮಲೆನಾಡ ಪೆಂಗ್ವಿನ್

ಡಿಸ್ಕ್‌ಗೆ ಲಕ್ಸ್ ಬೀಗ (ಇಡೀ ಡಿಸ್ಕ್‌ಗೆ ಪಾಸ್‌ವರ್ಡ್ ರಕ್ಷಣೆ) ಹಾಕಿದವರಿಗೆ ಒಂದು ಸೇರ್ಪಡೆ. ಲೈವ್‌ನಲ್ಲಿ ಬೀಗ ತೆಗೆಯುವಾಗ ಕೊಡುವ ಹೆಸರು ನಿಮ್ಮ ಸಿಸ್ಟಮ್‌ನ /ಇಟಿಸಿ/ಕ್ರಿಪ್ಟ್‌ಟ್ಯಾಬ್‌ನಲ್ಲಿ ಇರುವ ಹೆಸರೇ ಆಗಿರಬೇಕು. ಬೇರೆ ಹೆಸರಿನಲ್ಲಿ ತೆರೆದು ಇನಿಟ್‌ಆರ್‌ಡಿ ಕಟ್ಟಿದರೆ ಬೂಟ್ ಆಗುವಾಗ ಪಾಸ್‌ವರ್ಡ್ ಕೇಳುವ ಭಾಗವೇ ಅದರೊಳಗೆ ಸೇರದೆ ಹೋಗಬಹುದು. ಇಂಥ ಯಂತ್ರಗಳಲ್ಲಿ /ಬೂಟ್ ಬೇರೆ ಪಾರ್ಟಿಶನ್ ಆಗಿರುತ್ತದೆ, ಅದನ್ನೂ ಮೌಂಟ್ ಮಾಡಿ. ಅದು ಚಿಕ್ಕದು, ತುಂಬಿಹೋಗಿ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಬಂದೇ ಅಪ್‌ಗ್ರೇಡ್ ಮುಗ್ಗರಿಸುವುದೂ ಉಂಟು.

ಸರ್ಕ್ಯೂಟ್ ಸೀತಾಳೆ

ಎಫ್‌ಎಸ್‌ಸಿಕೆ ಆಗಿ ರಿಕವರಿ ಬಂತು. ಈಗ "ಟ್ರೈಯಿಂಗ್ ಟು ಓವರ್‌ರೈಟ್" ದೋಷ, ಒಂದು ಲೈಬ್ರರಿಯ ಕಡತ ಇನ್ನೊಂದು ಪೊಟ್ಟಣದಲ್ಲೂ ಇದೆಯಂತೆ. ಒಂದರ ಹೆಸರಿನ ಕೊನೆಗೆ ಟಿ64 ಇದೆ.

ಧಾರವಾಡ ಡೆಬ್

ಯಾವುದೋ ಪಿಪಿಎ (ಹೊರಗಿನ ಪೊಟ್ಟಣದ ಮೂಲ) ಹಾಕಿರ್ತೀರಿ. 24.04ರಾಗ ಭಾಳ ಲೈಬ್ರರಿಗಳ ಹೆಸರಿಗೆ ಟಿ64 ಬಾಲ ಹಚ್ಚ್ಯಾರ, ಲಿಬ್‌ಅಸೌಂಡ್2 ಹೋಗಿ ಲಿಬ್‌ಅಸೌಂಡ್2ಟಿ64 ಆಗೈತಿ. 32 ಬಿಟ್‌ನಾಗ ಎಣಿಸೂ ಕಾಲ 2038ರ ಜನವರಿ 19ಕ್ಕ ತುಂಬಿ ಹೋಗ್ತೈತಿ, ಅದಕ್ಕ ಕಾಲದ ಲೆಕ್ಕ 64 ಬಿಟ್‌ಗೆ ಏರಸ್ಯಾರ. ನಮ್ಮ 64 ಬಿಟ್ ಯಂತ್ರಕ್ಕ ಅದರ ತ್ರಾಸಿಲ್ಲ, ಆದ್ರ ಹೆಸರು ಮಾತ್ರ ಎಲ್ಲಾರಿಗೂ ಬದಲಿ. ಹೊಸ ಪೊಟ್ಟಣ ಹಳೇದರ ಜಾಗಾ ತಗೋತೈತಿ, "ಇಂಥಾ ಆವೃತ್ತಿಗಿಂತ ಹಳೇದಿದ್ರ" ಅನ್ನೂ ಕರಾರಿನ ಮ್ಯಾಲೆ. ಪಿಪಿಎದಿಂದ ಬಂದದ್ದರ ಸಂಖ್ಯೆ ಅದಕ್ಕೂ ದೊಡ್ಡದಿದ್ರ ಕರಾರು ಹೊಂದೂದಿಲ್ಲ, ಇಬ್ಬರೂ ಒಂದ ಕುರ್ಚಿಗೆ ಜಗಳಾಡ್ತಾರ.

ದೋಷದಾಗ ಡೆಬ್ ಕಡತದ ಪೂರ್ತಿ ದಾರಿ ಬರದಿರ್ತೈತಿ. ಅದನ್ನ ಇಲ್ಲಿ ಇಡ್ರಿ:

ಡಿಪಿಕೆಜಿ -ಐ --ಫೋರ್ಸ್-ಓವರ್‌ರೈಟ್ ಆ-ದಾರಿ

ಆಮ್ಯಾಲ ಆಪ್ಟ್ -ಎಫ್ ಇನ್‌ಸ್ಟಾಲ್. ಇದು ಒಂದೊಂದ ಪೊಟ್ಟಣಕ್ಕ ಮಾತ್ರ. "ಫೋರ್ಸ್-ಆಲ್" ಅಂತ ಯಾರರ ಬರದದ್ದು ಕಂಡ್ರ ಅದನ್ನ ಮುಟ್ಟಬ್ಯಾಡ್ರಿ.

ಡಬಲ್‌ಕ್ಲಿಕ್

ನಂದೂ ಒಂದು. ಪೈಥಾನ್3 ಹೆಸರಿನ ಪೊಟ್ಟಣಗಳೇ ಸಾಲಾಗಿ ಸೋಲುತ್ತಿದ್ದರೆ?

ರೂಟ್‌ರಾಯ

ಹೊಸ ಪೈಥಾನ್ ಬೇಕೆಂದು /ಯುಎಸ್‌ಆರ್/ಬಿನ್/ಪೈಥಾನ್3 ಕೊಂಡಿಯನ್ನು ಯಾರೋ ತಿರುಗಿಸಿದ್ದಾರೆ. 22.04ರಲ್ಲಿ ಅದು 3.10ಕ್ಕೆ, 24.04ರಲ್ಲಿ 3.12ಕ್ಕೆ ತೋರಬೇಕು. ಪೊಟ್ಟಣಗಳ ಸ್ಕ್ರಿಪ್ಟ್‌ಗಳಷ್ಟೇ ಅಲ್ಲ, ಅಪ್‌ಗ್ರೇಡರ್ ಕೂಡ ಪೈಥಾನ್‌ನಲ್ಲೇ ಬರೆದದ್ದು.

ಎಲ್‌ಎನ್ -ಎಸ್‌ಎಫ್ ಪೈಥಾನ್3.12 /ಯುಎಸ್‌ಆರ್/ಬಿನ್/ಪೈಥಾನ್3

3.12 ಇಳಿದಿದೆಯೇ ಎಂದು ಮೊದಲು ನೋಡಿ ಆಮೇಲೆ ಕೊಂಡಿ ಹಾಕಿ. ಹೊಸ ಪೈಥಾನ್ ಬೇಕಾದವರು ವರ್ಚುವಲ್ ಎನ್ವಿರಾನ್ಮೆಂಟ್ ಬಳಸಿ, ಸಿಸ್ಟಮ್‌ನದ್ದನ್ನು ಅದರ ಪಾಡಿಗೆ ಬಿಡಿ.

ಹೊಸಚಿಗುರು

ಅರ್ಧ ಗಂಟೆ ಕಾದೆ. ಸ್ಟೋರ್ ಸೋತಿತು, ಉಳಿದದ್ದೆಲ್ಲ ಮುಗಿಯಿತು. /ಬೂಟ್‌ನಲ್ಲಿ ಎರಡು ಜೋಡಿ ಸರಿಯಾಗಿವೆ. ರೀಬೂಟ್ ಮಾಡಿದೆ, 6.8ರಲ್ಲೇ ಲಾಗಿನ್ ಪರದೆ ಬಂತು! ಫೈಲ್‌ಗಳೆಲ್ಲ ಇವೆ, ವೈಫೈ ಕೂಡ ತಾನಾಗಿ ಬಂತು. ಥಂಡರ್‌ಬರ್ಡ್ ಇನ್ನೊಮ್ಮೆ ಫುಲ್-ಅಪ್‌ಗ್ರೇಡ್ ಕೊಟ್ಟಾಗ ಇಳಿಯಿತು. ಕನ್ನಡ ಟೈಪಿಂಗ್ ಮಾತ್ರ ಮಾಯ. ಇನ್ನೇನಾದರೂ ನೋಡಬೇಕಾ?

ರೂಟ್‌ರಾಯ

ಟರ್ಮಿನಲ್‌ನಲ್ಲಿ "ಡಿಪಿಕೆಜಿ --ಆಡಿಟ್" ಒತ್ತಿ. ಏನೂ ಮಾತಾಡದೆ ಸುಮ್ಮನಿದ್ದರೆ ಅರೆಬರೆ ಪೊಟ್ಟಣ ಯಾವುದೂ ಇಲ್ಲ. ಸಾಫ್ಟ್‌ವೇರ್ ಆ್ಯಂಡ್ ಅಪ್‌ಡೇಟ್ಸ್ ಕಿಟಕಿಯಲ್ಲಿ ಹೊರಗಿನ ಮೂಲಗಳೆಲ್ಲ ಟಿಕ್ ಇಲ್ಲದೆ ಕೂತಿರುತ್ತವೆ, ಅಪ್‌ಗ್ರೇಡರ್ ಬೇಕೆಂದೇ ಆಫ್ ಮಾಡಿರುತ್ತದೆ. ನೋಬಲ್‌ಗೆ ಆವೃತ್ತಿ ಬಿಟ್ಟಿರುವ ಮೂಲಗಳನ್ನಷ್ಟೇ ಒಂದೊಂದಾಗಿ ಎಬ್ಬಿಸಿ. ನಾಲ್ಕೈದು ದಿನ ಎಲ್ಲ ಸರಿಯಿದ್ದರೆ ಆಗ ಆಟೊರಿಮೂವ್, ಆಗ ಕ್ಲೀನ್.

ಉಡುಪಿ ಯುನಿಕೋಡ್

ಕನ್ನಡಕ್ಕೆ:

ಸುಡೊ ಆಪ್ಟ್ ಇನ್‌ಸ್ಟಾಲ್ ಐಬಸ್-ಎಂ17ಎನ್ ಫಾಂಟ್ಸ್-ಕೆಎನ್‌ಡಿಎ

ಲಾಗ್‌ಔಟ್ ಆಗಿ ಒಳಬನ್ನಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಕಾಣುವುದಿಲ್ಲ. ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್, ಅಲ್ಲಿ ಪ್ಲಸ್ ಗುರುತು, ಕನ್ನಡ. ನುಡಿಯ ಕೈ ಅಭ್ಯಾಸ ಇದ್ದರೆ ಕೆಜಿಪಿ ಎಂದು ಬರೆದಿರುವುದನ್ನು ಆರಿಸಿ, ಇನ್‌ಸ್ಕ್ರಿಪ್ಟ್ ಅಭ್ಯಾಸದವರಿಗೆ ಅದೇ ಹೆಸರಿನದ್ದು ಬೇರೆ ಇದೆ. ಫಾಂಟ್ ಪೊಟ್ಟಣದ ಜೊತೆ ಗುಬ್ಬಿ, ನವಿಲು ಎರಡೂ ಬರುತ್ತವೆ. ಬ್ರೌಸರ್‌ನಲ್ಲಿ ಅಕ್ಷರ ಇನ್ನೂ ಹಳೆಯ ಥರವೇ ಕಂಡರೆ ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ತೆರೆಯಿರಿ. ಸೂಪರ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಹೊಸಚಿಗುರು

ಆಡಿಟ್ ಸುಮ್ಮನಿದೆ. ಈ ಸಾಲು ಆ ಲ್ಯಾಪ್‌ಟಾಪ್‌ನಿಂದಲೇ, ಕೆಜಿಪಿಯಲ್ಲಿ.